ಹಡ್ಲಿನ ಬಲಿತ ಕಡವೆ ಎಲ್ಲಿ ಕೂತಿರುತ್ತದೆ?

ಕಾಡಂಚಿನ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಡವೆಯವೇ. ಕಾರಣ ನಾನೇ. ಸಕಲೇಶಪುರದ ಕಡೆ ನಮ್ಮ ಕಾಫಿ ತೋಟದ ಕೆಳಗಿನ ಹಡ್ಲಿಗೆ ಒಂದು ದೊಡ್ಡ ಗಂಡು ಕಡವೆ ಬರುತ್ತದೆ ಅಂತ ಹಿಂದಿನ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ! ಬಯಲುಸೀಮೆಯ ಓದುಗರಿಗೆ ಒಂದು ಮಾತು: ಎರಡು ಗುಡ್ಡಗಳ ನಡುವೆ ನೀರು ನಿಂತು, ಹುಲ್ಲು ಬೆಳೆದು, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜಾಗಕ್ಕೆ ನಮ್ಮಲ್ಲಿ ಹಡ್ಲು ಅನ್ನುತ್ತೇವೆ. ಬೇಸಾಯ ಬಿಟ್ಟ ಗದ್ದೆಯೂ ಕೆಲವು ವರ್ಷಕ್ಕೆ ಹಡ್ಲಾಗುತ್ತದೆ. ಈಗ ಮಲೆನಾಡಿನಲ್ಲಿ ಅಂಥವು ಬೇಕಾದಷ್ಟಿವೆ. ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಗದ್ದೆ ಕಡವೆಗೆ.

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಜೌಗು ನೆಲದಲ್ಲಿ ಜಿಂಕೆ ಬೇಟೆಗೆ ಹೋಗುತ್ತಾನೆ. ದೊಡ್ಡ ಕೊಂಬಿನ ಗಂಡನ್ನು ಹೊಡೆದ ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಅವನ ಅಜ್ಜಿ ಊಟ ಬಿಟ್ಟು ಕೂತರು. ಅಲ್ಲಿನ ಸರ್ಕಾರ ಇದಕ್ಕೆಲ್ಲ ಹೇಗೆ ಬಿಡುತ್ತದೆ? ಇವನು ‘ವರ್ಷವಿಡೀ ಹುಡುಕಿ ಹೊಡೆದೆ’ ಅನ್ನುತ್ತಾನೆ. ಜಿಂಕೆ ಹೊಡೆಯಲು ವರ್ಷವಿಡೀ ಏನು ಹುಡುಕುತ್ತಾರೆ ಮೇಡಂ? — ನಿವೃತ್ತ ಶಿಕ್ಷಕ, ಆಲ್ದೂರು

ಮೇಷ್ಟ್ರೇ, ಮೊದಲು ಅಜ್ಜಿಗೆ ಊಟ ಮಾಡಿಸಿ. ಹುಡುಗ ಕಾನೂನು ಮೀರಿಲ್ಲ.

ಅವನು ಹೊಡೆದಿದ್ದು ಬಿಳಿಬಾಲದ ಜಿಂಕೆ. ನಮ್ಮ ಚುಕ್ಕೆ ಜಿಂಕೆಯೂ ಅಲ್ಲ, ಕಡವೆಯೂ ಅಲ್ಲ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದವರು ಮಾಂಸ, ಚರ್ಮದ ವ್ಯಾಪಾರಕ್ಕೆ ಅದನ್ನು ಹೊಡೆದೂ ಹೊಡೆದೂ ಇಡೀ ದೇಶದಲ್ಲಿ ಸುಮಾರು 5 ಲಕ್ಷಕ್ಕೆ ಇಳಿಸಿದ್ದರು. ಆಮೇಲೆ ಬುದ್ಧಿ ಬಂತು. ಕದ್ದು ಹೊಡೆದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು 1900ರಲ್ಲಿ ಒಂದು ಕಾನೂನು ತಡೆಯಿತು. 1937ರಲ್ಲಿ ಇನ್ನೊಂದು ಕಾನೂನು ಬಂತು. ಅದರ ಪ್ರಕಾರ ಬೇಟೆಯ ಕೋವಿ, ತೋಟೆಗಳ ಮೇಲಿನ ಶೇ 11ರ ತೆರಿಗೆ ನೇರವಾಗಿ ವನ್ಯಜೀವಿಗಳ ಕೆಲಸಕ್ಕೆ ಹೋಗಬೇಕು. ಈಗ ಅಲ್ಲಿ ಬಿಳಿಬಾಲದ ಜಿಂಕೆ ಅಂದಾಜು 3 ಕೋಟಿ ಇವೆ. ಎಷ್ಟೋ ಕಡೆ ಅವನ್ನು ತಿನ್ನುವ ತೋಳ, ಪೂಮಾಗಳನ್ನು ಹಿಂದೆಯೇ ಮುಗಿಸಿದ್ದರು. ಹಾಗಾಗಿ ಜಿಂಕೆ ಹೆಚ್ಚಾಗಿ ಜೋಳದ ಹೊಲ ಹಾಳು, ರಸ್ತೆಯಲ್ಲಿ ಕಾರಿಗೆ ಡಿಕ್ಕಿ. ಅದಕ್ಕೇ ಪ್ರತಿ ವರ್ಷ ಎಣಿಸಿ, ಲೆಕ್ಕ ಹಾಕಿ, ಇಂತಿಷ್ಟು ಹೊಡೆಯಬಹುದು ಅಂತ ಬಿಡುತ್ತಾರೆ.

ಬಿಡುವುದು ಅಂದರೆ ಸುಮ್ನೆ ಬಿಡುವುದಲ್ಲ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ತರಬೇತಿ ಮುಗಿಸದೆ ಬೇಟೆ ಲೈಸೆನ್ಸ್ ತೆಗೆದುಕೊಳ್ಳುವಂತಿಲ್ಲ. ಬಿಲ್ಲುಬಾಣಕ್ಕೆ ಸೆಪ್ಟೆಂಬರ್ ಮಧ್ಯದಿಂದ ಕಾಲ ಶುರು. ಕೋವಿಗೆ ನವೆಂಬರ್ ಕೊನೆಯ ಸುಮಾರಿಗೆ 9 ದಿನ. ಕೋವಿ ಹಿಡಿದವನು ದೂರಕ್ಕೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಅಂಗಿ ಹಾಕಲೇಬೇಕು. ಒಬ್ಬರನ್ನೊಬ್ಬರು ಹೊಡೆದುಕೊಳ್ಳಬಾರದಲ್ಲ! ರಾತ್ರಿ ಬೇಟೆ ಇಲ್ಲ. ಹೊಡೆದ ಪ್ರಾಣಿಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ದಾಖಲು ಮಾಡಿಸಬೇಕು. ಕಾಡಿನ ಜಿಂಕೆಯ ಮಾಂಸ ಮಾರುವಂತಿಲ್ಲ. ನಮ್ಮಲ್ಲಿ ಹಿಂದೆ ಜೀಪಿನ ಹೆಡ್‌ಲೈಟ್ ಬಿಟ್ಟು ಕಣ್ಣು ಕುಕ್ಕಿಸಿ ಹೊಡೆದು ‘ಶಿಕಾರಿ’ ಅಂತ ಮೀಸೆ ತಿರುವುತ್ತಿದ್ದರಲ್ಲ, ಅವರನ್ನು ಅಲ್ಲಿ ಒಳಗೆ ಹಾಕುತ್ತಾರೆ.

ಇನ್ನು ವರ್ಷವಿಡೀ ಹುಡುಕುವ ವಿಷಯ. ಇದು ನನಗೆ ಇಷ್ಟದ ಭಾಗ. ಆ ರಾಜ್ಯದಲ್ಲಿ ಹೊರಿಕಾನ್ ಅನ್ನುವ ಜೌಗು ಇದೆ. 33 ಸಾವಿರ ಎಕರೆಗೂ ಜಾಸ್ತಿ. ಆಳೆತ್ತರದ ಜೊಂಡು. ಹೊರಗಿನಿಂದ ನೋಡಿದರೆ ಜೊಂಡಿನ ಸಮುದ್ರ, ಎಲ್ಲ ಕಡೆ ಒಂದೇ ಥರ. ಇಂಥ ಕಡೆ ಹೊಸಬ ಜೊಂಡಿನ ಒಳಗೆ ನುಗ್ಗುತ್ತಾನೆ. ಪಳಗಿದವನು ಅಂಚು ಹಿಡಿದು ನಡೆಯುತ್ತಾನೆ. ಯಾಕೆಂದರೆ ಜಿಂಕೆ ನೀರಿನಲ್ಲಿ ಮಲಗುವುದಿಲ್ಲ. ಮಲಗಲು ಒಣಜಾಗ ಬೇಕು. ಜೌಗಿನ ನಡುವೆ ಒಂದು ಮೊಳ ಎತ್ತರದ ದಿಬ್ಬ, ಎರಡು ಪೊದೆ, ಒಂಟಿ ಮರದ ಬುಡ, ಇಷ್ಟಿದ್ದರೆ ಸಾಕು. ಬಲಿತ ಗಂಡು ಅಲ್ಲೇ ಕೂರುತ್ತದೆ. ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ಕೂತು, ಮುಂದಿನದ್ದನ್ನು ಕಣ್ಣಿನಿಂದ ಕಾಯುತ್ತದೆ, ಹಿಂದಿನದ್ದನ್ನು ಮೂಗಿನಿಂದ. ಸುತ್ತ ನೀರು. ಯಾರು ಬಂದರೂ ಚಳ್ ಚಳ್ ಸದ್ದು ಆಗಲೇಬೇಕು.

ಈ ದಿಬ್ಬಗಳು ಬೇಸಿಗೆಯಲ್ಲಿ ಕಾಣುವುದಿಲ್ಲ, ಹಸಿರು ಮುಚ್ಚಿರುತ್ತದೆ. ಅದಕ್ಕೇ ಅಲ್ಲಿನ ಬೇಟೆಗಾರರು ಬೇಟೆಯ ಕಾಲ ಮುಗಿದ ಮೇಲೆ, ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಕೋವಿಯಿಲ್ಲದೆ ಸುತ್ತುತ್ತಾರೆ. ಆಗ ಜೊಂಡು ಬಿದ್ದಿರುತ್ತದೆ. ಹೋದ ಚಳಿಗಾಲದ ದಾರಿಗಳು, ಮಲಗಿದ ಗುಳಿಗಳು, ಕೊಂಬು ತಿಕ್ಕಿ ಸಿಪ್ಪೆ ಎದ್ದ ಮರಗಳು ಎಲ್ಲ ಬಯಲಾಗುತ್ತವೆ. ಆ ಹೊತ್ತಿನಲ್ಲಿ ಜಿಂಕೆ ಬೆದರಿ ಓಡಿದರೂ ನಷ್ಟವಿಲ್ಲ, ಬೇಟೆಗೆ ಇನ್ನೂ ಆರು ತಿಂಗಳಿದೆ. ಎಲ್ಲ ಗುರುತು ಮಾಡಿಕೊಂಡು ಬಂದು, ಶರತ್ಕಾಲದಲ್ಲಿ ಗಾಳಿ ಸರಿಯಿರುವ ದಿನ ಮಾತ್ರ ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟೋ, ಸಣ್ಣ ದೋಣಿಯಲ್ಲೋ ಹೋಗಿ ಕೂರುತ್ತಾರೆ. ಗಾಳಿ ತಪ್ಪಿದರೆ ಮನೆಯಲ್ಲೇ ಇರುತ್ತಾರೆ.

ಎಳೆಯ ಗಂಡುಗಳು ಹೊಲದ ಬದಿಯಲ್ಲೇ ಸಿಗುತ್ತವೆ. ಮೂರು ನಾಲ್ಕು ಬೇಟೆಗಾಲ ದಾಟಿದ ಗಂಡು ಮಾತ್ರ ಜನ ಹೋಗದ ಕಡೆಗೆ ಸರಿದಿರುತ್ತದೆ. ಜೌಗು ಅದಕ್ಕೆ ಇಷ್ಟ ಅಂತಲ್ಲ, ನಿಮ್ಮ ತಂಗಿ ಮಗನಿಗೆ ಕಷ್ಟ ಅಂತ.

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಅಮೆರಿಕದ ಫ್ಲೋರಿಡಾದಲ್ಲಿ ಸೇಂಟ್ ವಿನ್ಸೆಂಟ್ ಅನ್ನುವ ದ್ವೀಪವಿದೆ. ಅಲ್ಲಿ ನಮ್ಮ ಕಡವೆಯೇ ಇದೆ! 1908ರಲ್ಲಿ ದ್ವೀಪದ ಮಾಲೀಕರು ತಂದು ಬಿಟ್ಟಿದ್ದು. ಅಲ್ಲಿ ಮೊದಲೇ ಬಿಳಿಬಾಲದ ಜಿಂಕೆ ಇತ್ತು. ಎರಡೂ ಜಗಳವಿಲ್ಲದೆ ಹಂಚಿಕೊಂಡವು. ಬಿಳಿಬಾಲ ಹೆಚ್ಚಾಗಿ ಒಣ ನೆಲದಲ್ಲಿ, ಕಡವೆ ಜೌಗಿನಲ್ಲಿ. ಹತ್ತು ಸಾವಿರ ಮೈಲಿ ಆಚೆ ಹೋದರೂ ಕಡವೆ ತನ್ನ ಹಡ್ಲು ಹುಡುಕಿಕೊಂಡಿತು. ಅಲ್ಲಿ ಚೀಟಿ ಎತ್ತಿ ಕೆಲವೇ ಜನರಿಗೆ ಕಡವೆ ಬೇಟೆಗೆ ಅನುಮತಿ ಕೊಡುತ್ತಾರೆ.

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ಅಜ್ಜನ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ. ಮನೆ ಹಿಂದಿನ ಪಾಳು ಗದ್ದೆಯಲ್ಲಿ ಕಡವೆ ಹೆಜ್ಜೆ ದಿನಾ ಕಾಣುತ್ತದೆ, ಕಡವೆ ಮಾತ್ರ ಒಂದು ಸಲವೂ ಕಂಡಿಲ್ಲ. ನೋಡುವುದು ಹೇಗೆ ಅಕ್ಕಾ? ಫೋಟೋ ಮಾತ್ರ, ಬೇರೇನಿಲ್ಲ. — ವಿದ್ಯಾರ್ಥಿನಿ, ಹಾಸನ

‘ಬೇರೇನಿಲ್ಲ’ ಅಂತ ಸೇರಿಸಿದ್ದೀಯಲ್ಲ, ಒಳ್ಳೆಯದು. ಮೇಲಿನ ಉತ್ತರ ಓದಿದೆಯಾ? ಅದರಲ್ಲಿ ಕೋವಿ ತೆಗೆದುಬಿಟ್ಟರೆ ನಿನ್ನ ಪಾಠ ಅಲ್ಲೇ ಇದೆ. ನಮ್ಮಪ್ಪ 1972ಕ್ಕೆ ಮುಂಚೆ ಹಡ್ಲಿನ ಬದಿಯಲ್ಲಿ ಮರಸು ಕೂರುತ್ತಿದ್ದವರು, ಅಂದರೆ ಪ್ರಾಣಿಗೆ ಕಾಣದ ಹಾಗೆ ಮರೆಯಲ್ಲಿ ಕಾಯುತ್ತಿದ್ದವರು. ಆ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಪ್ಪ ಗೊಣಗಿಕೊಂಡೇ ಕೋವಿ ಕೆಳಗಿಟ್ಟರು. ಮರಸು ಕೂರುವುದನ್ನು ಬಿಡಲಿಲ್ಲ. ನಾನು ಅವರ ಪಕ್ಕದಲ್ಲಿ ಕೂತು ಕಲಿತಿದ್ದನ್ನು ಹೇಳುತ್ತೇನೆ.

ಹಡ್ಲಿನ ನಡುವೆ ನೋಡಬೇಡ. ಅಂಚು ನೋಡು. ಕಡವೆ ಹಗಲು ಹಡ್ಲಿನಲ್ಲಿ ಇರುವುದಿಲ್ಲ. ಮೇಲಿನ ಇಳಿಜಾರಿನಲ್ಲಿ, ಓಟೆ ಬಿದಿರೋ ಲಂಟಾನವೋ ದಟ್ಟವಾಗಿರುವ ಕಡೆ ನೆರಳಿನಲ್ಲಿ ಮಲಗಿರುತ್ತದೆ. ಹೊತ್ತು ಮುಳುಗುವಾಗ ಇಳಿಯುತ್ತದೆ. ಇಳಿಯುವ ದಾರಿ ಹೆಚ್ಚುಕಮ್ಮಿ ಒಂದೇ. ಬೇಲಿಯಲ್ಲೋ ಪೊದೆಯಲ್ಲೋ ಒಂದು ಕಂಡಿ ಇರುತ್ತದೆ. ಆ ಕಂಡಿ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಹಡ್ಲನ್ನು ದಾಟುವ ಜಾಗವೂ ಹಾಗೇ. ನೆಲ ಗಟ್ಟಿಯಿರುವ ಕಡೆಯೇ ಅದು ದಾಟುವುದು. ಇನ್ನೂರು ಮುನ್ನೂರು ಕಿಲೋ ತೂಕದ ಪ್ರಾಣಿ, ಅದಕ್ಕೂ ಹೂತುಕೊಳ್ಳುವುದು ಬೇಡ. ನಿನ್ನ ಅಜ್ಜನ ಗದ್ದೆಯ ಹಳೇ ಬದು ಎಲ್ಲಿತ್ತು ಅಂತ ಕೇಳು. ಕಡವೆ ಈಗಲೂ ಅದರ ಮೇಲೇ ನಡೆಯುತ್ತಿರುತ್ತದೆ, ಬೇಕಾದರೆ ನೋಡು.

ಹೆಜ್ಜೆ ಹೊಸದೋ ಹಳೆಯದೋ? ಕೆಸರಿನಲ್ಲಿ ಇದು ಸುಲಭ. ಹೆಜ್ಜೆಯೊಳಗೆ ನಿಂತ ನೀರು ಇನ್ನೂ ಕದಡಿದ್ದರೆ ಈಗಷ್ಟೇ ಹೋಗಿದೆ. ತಿಳಿಯಾಗಿದ್ದರೆ ರಾತ್ರಿಯದ್ದು. ಅಂಚು ಕುಸಿದು ಉದುರೆಲೆ ಬಿದ್ದಿದ್ದರೆ ಇನ್ನೂ ಹಳೆಯದು. ಬೆಳಿಗ್ಗೆ ಹೋದರೆ ಹುಲ್ಲಿನ ಇಬ್ಬನಿ ನೋಡು. ಬೆಳ್ಳಗಿರುವ ಹುಲ್ಲಿನ ನಡುವೆ ಕಪ್ಪು ಗೆರೆ ಎಳೆದಂತೆ ದಾರಿ ಕಾಣುತ್ತದೆ. ಕಂಡಿಗೆ ಅಡ್ಡವಾಗಿ ಜೇಡರ ಬಲೆ ಹಾಗೇ ಇದ್ದರೆ ರಾತ್ರಿ ಅಲ್ಲಿ ದೊಡ್ಡದು ಯಾವುದೂ ದಾಟಿಲ್ಲ. ಹಸುವಿನ ಹೆಜ್ಜೆ ದುಂಡಗೆ, ಕಡವೆಯದು ಉದ್ದ, ಮುಂದೆ ಚೂಪು. ಆಳ ಕೆಸರಿನಲ್ಲಿ ಗೊರಸು ಎರಡೂ ಅಗಲಿಸಿ, ಹಿಂದಿನ ಸಣ್ಣ ಗೊರಸುಗಳ ಎರಡು ಚುಕ್ಕಿಯೂ ಮೂಡಿರುತ್ತದೆ.

ಗಂಡಿನ ಗುರುತು ಬೇಕಾದರೆ ಹೊರಳಾಡುವ ಕೆಸರುಗುಂಡಿ ಹುಡುಕು. ದೀಪಾವಳಿ ಕಳೆದ ಮೇಲೆ, ನವೆಂಬರ್, ಡಿಸೆಂಬರ್ ಹೊತ್ತಿಗೆ ಬಲಿತ ಗಂಡಿಗೆ ಮದ ಬರುತ್ತದೆ. ಗುಂಡಿಯಲ್ಲಿ ಉಚ್ಚೆ ಹೊಯ್ದು ಅದರಲ್ಲೇ ಹೊರಳುತ್ತದೆ. ನಾತ ದೂರಕ್ಕೇ ಹೊಡೆಯುತ್ತದೆ. ಎದ್ದು ಹೋಗುವಾಗ ಅಕ್ಕಪಕ್ಕದ ಮರಕ್ಕೆ ಮೈ ಉಜ್ಜುತ್ತದೆ. ಕೆಸರು ಯಾವ ಎತ್ತರಕ್ಕೆ ಮೆತ್ತಿದೆ ನೋಡು. ನಿನ್ನ ಎದೆಮಟ್ಟಕ್ಕೆ ಇದ್ದರೆ ಅದು ಹೆಣ್ಣೂ ಅಲ್ಲ, ಮರಿಯೂ ಅಲ್ಲ. ಇನ್ನೂ ಮೇಲೆ, ಕೈ ಎತ್ತಿದರೂ ಸಿಗದ ಕೊಂಬೆಯ ಎಲೆ ತರಿದಿದ್ದರೆ ಹೆದರಬೇಡ. ಗಂಡು ಕಡವೆ ಹಿಂಗಾಲ ಮೇಲೆ ನಿಂತು ಕೊಂಬೆಗೆ ಕೊಂಬು ತಿಕ್ಕುತ್ತದೆ.

ಈಗ ಗಾಳಿ. ಇದನ್ನು ಗಮನವಿಟ್ಟು ಓದು, ಬಹಳ ಜನ ಸೋಲುವುದು ಇಲ್ಲೇ. ಬಿಸಿಲು ಏರಿದ ಮೇಲೆ ಬಿಸಿ ಗಾಳಿ ಗುಡ್ಡ ಹತ್ತುತ್ತದೆ. ಸಂಜೆ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ಹಡ್ಲಿಗೆ ಬಂದು, ತೋಡಿನ ನೀರು ಹರಿಯುವ ದಿಕ್ಕಿನಲ್ಲೇ ಸರಿಯುತ್ತದೆ. ನೀನು ಸಂಜೆ ಗುಡ್ಡದ ಮೇಲೆ ಚೆನ್ನಾಗಿ ಕಾಣುತ್ತದೆ ಅಂತ ಕೂತೆ ಅನ್ನು. ನಿನ್ನ ಸೋಪು, ಶಾಂಪೂ, ಕೊಬ್ಬರಿ ಎಣ್ಣೆ ಎಲ್ಲ ಕಡವೆಗೆ ನಿನಗಿಂತ ಮುಂಚೆ ತಲುಪುತ್ತದೆ. ಸಂಜೆ ಹಡ್ಲಿನ ಕೆಳತುದಿಯಲ್ಲಿ, ನೀರು ಹೊರಗೆ ಹೋಗುವ ಕಡೆ ಕೂರಬೇಕು. ಆಗ ನಿನ್ನ ವಾಸನೆ ಅದರಿಂದ ದೂರ ಹೋಗುತ್ತದೆ. ನಸುಕಿನಲ್ಲೂ ಹಾಗೇ. ಬಿಸಿಲು ಬಿದ್ದ ಮೇಲೆ ಎಲ್ಲ ಉಲ್ಟಾ, ಎದ್ದು ಮನೆಗೆ ಬಾ.

ಅಪ್ಪ ಗಾಳಿ ನೋಡಲು ಬಟ್ಟೆಯಲ್ಲಿ ಒಲೆ ಬೂದಿ ಕಟ್ಟಿಕೊಂಡು ಹೋಗುತ್ತಿದ್ದರು. ನಾನು ಬೇಲೂರು ಕಡೆಯಿಂದ ಎಕ್ಕದ ಕಾಯಿ ತಂದು ಅದರ ಹತ್ತಿ ಇಟ್ಟುಕೊಳ್ಳುತ್ತೇನೆ. ಒಂದೊಂದೇ ಎಳೆ ಬಿಟ್ಟರೆ ದೂರದವರೆಗೆ ತೇಲುತ್ತಾ ಗಾಳಿ ಎಲ್ಲಿ ತಿರುಗುತ್ತದೆ ಅಂತ ತೋರಿಸುತ್ತದೆ. ಬೂದಿ ಎರಡು ಮಾರಿಗೇ ಮಾಯ. ಅಮೆರಿಕದ ಬೇಟೆಗಾರರೂ ತಮ್ಮ ಊರಿನ ಇಂಥದೇ ಹಾಲುಗಿಡದ ಹತ್ತಿ ಬಳಸುತ್ತಾರೆ. ಎರಡೂ ಒಂದೇ ಕುಟುಂಬದ ಗಿಡಗಳು.

ಹೋಗಿ ಕೂತ ಮೇಲೆ ಮೊದಲು ಹೆಣ್ಣು, ಮರಿ ಬರುತ್ತವೆ. ಮೊಬೈಲ್ ಎತ್ತಬೇಡ. ಹೆಣ್ಣು ತಲೆಯೆತ್ತಿ ಮುಂಗಾಲು ನೆಲಕ್ಕೆ ಒಂದು ಸಲ ಗುದ್ದಿತು ಅಂದರೆ ಏನೋ ಸಂಶಯ ಬಂದಿದೆ. ಬಾಲ ಎತ್ತಿ ಕೂಗಿತೋ, ಆವತ್ತಿನ ಆಟ ಮುಗಿಯಿತು. ಕೂಗದೆ ಮೇಯುತ್ತಿದ್ದರೆ ಕಾಯಿ. ಬಲಿತ ಗಂಡು ಕಂಡಿಯ ಒಳಗೇ ನಿಂತು ಇವುಗಳನ್ನು ನೋಡುತ್ತಿರುತ್ತದೆ. ಇವುಗಳಿಗೆ ಏನೂ ಆಗಲಿಲ್ಲ ಅಂದಮೇಲೆ ಕತ್ತಲು ಕವಿಯುವಾಗ ಹೊರಗೆ ಬರುತ್ತದೆ. ಫೋಟೋ ಚೆನ್ನಾಗಿ ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಕ್ಯಾಮೆರಾ ಟ್ರ್ಯಾಪ್ ಕಟ್ಟುವುದಾದರೆ ಅಜ್ಜನ ಜಾಗದಲ್ಲಿ ಮಾತ್ರ. ಅರಣ್ಯದ ಗಡಿ ದಾಟಿ ಕಟ್ಟಲು ಇಲಾಖೆಯ ಅನುಮತಿ ಬೇಕು. ಸೊಂಟಕ್ಕಿಂತ ಸ್ವಲ್ಪ ಕೆಳಗೆ ಕಟ್ಟು. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಪೂರ್ವ ಪಶ್ಚಿಮಕ್ಕಿಟ್ಟರೆ ಬಿಸಿಲು ಹೊಡೆಯುತ್ತದೆ. ಎದುರಿನ ಹುಲ್ಲು ಸವರು. ಇಲ್ಲದಿದ್ದರೆ ಗಾಳಿಗೆ ತೂಗುವ ಹುಲ್ಲಿನದ್ದೇ ಸಾವಿರ ಫೋಟೋ. ಉಪ್ಪು, ಹುರುಳಿ ಹಾಕಿ ಕರೆಯಬೇಡ. ಕಡವೆ ಬರುತ್ತದೆ ನಿಜ, ಅದರ ಹಿಂದೆ ಉರುಳು ಹಾಕುವವರೂ ಬರುತ್ತಾರೆ. ಒಬ್ಬಳೇ ಹೋಗಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ನಮ್ಮ ಕಡೆ ಆನೆ ಇದೆ.

ಪ್ರಶ್ನೆ: ಕೊಂಬಿನ ಕವಲು ಎಣಿಸಿದರೆ ಕಡವೆಯ ವಯಸ್ಸು ಗೊತ್ತಾಗುತ್ತದೆಯಂತೆ, ನಿಜವಾ? — ಓದುಗ, ಕಡೂರು

ಸುಳ್ಳು. ಕಡವೆಗೆ ಒಂದು ಕೊಂಬಿಗೆ ಮೂರೇ ಕವಲು, ಸಾಮಾನ್ಯವಾಗಿ. ಹರೆಯಕ್ಕೆ ಬಂದಾಗಲೂ ಮೂರು, ಮುದಿಯಾದಾಗಲೂ ಮೂರು. ಕೊಂಬು ಉದುರಿ ಮತ್ತೆ ಹುಟ್ಟುವಂಥದ್ದು. ಮೇವು ಚೆನ್ನಾಗಿದ್ದ ವರ್ಷ ದಪ್ಪ, ಇಲ್ಲದ ವರ್ಷ ಸಣ್ಣ. ಮುಪ್ಪಿನಲ್ಲಿ ಮತ್ತೆ ಸಣ್ಣಗಾಗುವುದೂ ಉಂಟು.

ಮೈ ನೋಡಿ. ಬಲಿತ ಗಂಡಿನ ಕುತ್ತಿಗೆ ದಪ್ಪ, ಅದರ ಮೇಲೆ ಕೇಸರದಂತೆ ಒರಟು ಕೂದಲು. ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಎದೆಭಾಗ ಭಾರ, ಹೊಟ್ಟೆ ಸ್ವಲ್ಪ ಜೋತಿರುತ್ತದೆ. ಗಂಟಲ ಕೆಳಗೆ ಕೂದಲು ಹೋಗಿ ರಕ್ತ ಜಿನುಗುವ ಹುಣ್ಣಿನಂಥ ಮಚ್ಚೆ ಕಂಡರೆ ಗುಂಡೇಟು ಅಂತ ಗಾಬರಿಯಾಗಬೇಡಿ. ಕಡವೆಗಳಲ್ಲಿ ಅದು ಸಹಜ, ವಿಶೇಷವಾಗಿ ಮದದ ಕಾಲದಲ್ಲಿ. ವಯಸ್ಸಿನ ಇನ್ನೂ ಹತ್ತಿರದ ಅಂದಾಜು ಬೇಕಾದರೆ ಹಲ್ಲಿನ ಸವೆತ ನೋಡಬೇಕು. ಅದಕ್ಕೆ ಕಡವೆ ಒಪ್ಪುವುದಿಲ್ಲ.

ಪ್ರಶ್ನೆ: ಎರಡು ಎಕರೆ ಗದ್ದೆ ಇನ್ನೂ ಬಿಡದೆ ಮಾಡುತ್ತಿದ್ದೇನೆ. ಭತ್ತಕ್ಕೆ ಹೊಡೆ (ತೆನೆ) ಬರುವ ಹೊತ್ತಿಗೆ ಕಡವೆ ಇಳಿದು ಮೇದುಬಿಡುತ್ತವೆ. ನನ್ನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಜೋಡಿನಳಿಗೆ ಕೋವಿ ಇದೆ. ಬೆಳೆ ರಕ್ಷಣೆ ಅಂದಮೇಲೆ ಒಂದು ಈಡು ಹೊಡೆದರೆ ತಪ್ಪೇನು? ಅಮೆರಿಕದಲ್ಲಿ ಬಿಡುತ್ತಾರೆ, ನಮಗೇಕಿಲ್ಲ? — ಕೃಷಿಕ, ಸಕಲೇಶಪುರ ತಾಲ್ಲೂಕು

ಅಣ್ಣಾ, ನಿಮ್ಮ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಆದರೂ ಹೊಡೆಯುವಂತಿಲ್ಲ. ಕೋವಿಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು. ಕಡವೆ ಕೊಲ್ಲುವ ಪರವಾನಗಿ ಅದರಲ್ಲಿ ಇಲ್ಲ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಹೊಡೆಯಲೂ ವನ್ಯಜೀವಿ ಕಾಯ್ದೆಯಡಿ ಬೇರೆ ಲಿಖಿತ ಆದೇಶ ಬೇಕು. ಅಭಯಾರಣ್ಯದೊಳಗೆ ಹೊಡೆದರಂತೂ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲಿಗೆ ಅವಕಾಶವಿದೆ.

ನಮಗೇಕಿಲ್ಲ ಅಂದಿರಿ. ಅಲ್ಲಿ 3 ಕೋಟಿ ಜಿಂಕೆ, ತಿನ್ನುವವರು ಕಮ್ಮಿ. ಇಲ್ಲಿ ಕಡವೆಯನ್ನು ನಂಬಿಕೊಂಡು ಹುಲಿ ಇದೆ, ಕಾಡುನಾಯಿ ಇದೆ. ಜಗತ್ತಿನ ಲೆಕ್ಕದಲ್ಲಿ 2008ರಿಂದ ಕಡವೆ ಅಳಿವಿನ ಭಯವಿರುವ ಪಟ್ಟಿಯಲ್ಲಿದೆ. ಭದ್ರಾ ಹಿನ್ನೀರಿನಲ್ಲಿ ಕಾಡುನಾಯಿ ಅಟ್ಟಿಸಿಕೊಂಡು ಬಂದಾಗ ಕಡವೆ ನೀರಿಗಿಳಿದು ಕತ್ತಿನ ಮಟ್ಟ ನಿಂತುಬಿಡುತ್ತದೆ. ನಾಯಿಗಳು ದಡದಲ್ಲಿ ಕಾಯುತ್ತವೆ. ಅಲ್ಲಿ ಆಗಲೇ ಬೇಟೆಗಾರರು ಇದ್ದಾರೆ, ಕ್ಯೂನಲ್ಲಿ ನಮಗೆ ಜಾಗವಿಲ್ಲ. ಇನ್ನೊಂದು ಮಾತು. ಆ ವಿಸ್ಕಾನ್ಸಿನ್ ಹುಡುಗ ಹೊಡೆದದ್ದನ್ನು ಮರುದಿನ ಸಂಜೆಯೊಳಗೆ ದಾಖಲು ಮಾಡಿಸುತ್ತಾನೆ. ನಮ್ಮ ಕಡೆ ಹಾಗೆ ಮಾಡಿಸುವವರು ಯಾರು ಅಂತ ನಿಮ್ಮ ಊರಿನವರನ್ನೇ ನೆನೆಸಿಕೊಂಡು ಹೇಳಿ.

ಮಾಡಬಹುದಾದ್ದು ಹೇಳುತ್ತೇನೆ. ಕಡವೆ ಕಾಡಿನಿಂದ ನೇರ ಗದ್ದೆಗೆ ಇಳಿಯುವ ಕಡೆ, ಅಂಚಿನ ಲಂಟಾನ ಸವರಿ ಹತ್ತು ಹದಿನೈದು ಮಾರು ಬಯಲು ಮಾಡಿ. ಮರೆಯಿಲ್ಲದ ಕಡೆ ಅದು ಹಿಂಜರಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ತಡವಾಗಿ ಬರುತ್ತದೆ. ಆ ಬಯಲಿನಲ್ಲೇ ಮಾಳ (ಕಾವಲಿನ ಅಟ್ಟಣೆ) ಕಟ್ಟಿ ಹೊಡೆ ಬರುವ ವಾರಗಳಲ್ಲಿ ಕಾಯಬೇಕು, ಬೇರೆ ದಾರಿ ಕಾಣೆ. ಸೋಲಾರ್ ಬೇಲಿಯಾದರೆ ಎದೆಮಟ್ಟಕ್ಕೆ ನಿಲ್ಲಿಸಬೇಡಿ, ಹಾರುತ್ತದೆ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವ ಕೆಲಸ ಕನಸಿನಲ್ಲೂ ಬೇಡ. ಸಾಯುವುದು ನೀವೋ ಪಕ್ಕದ ಮನೆಯವರೋ ಆಗಿರುತ್ತದೆ. ಬೆಳೆ ಹೋದರೆ ಆವತ್ತೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಬರುವ ದುಡ್ಡು ನಷ್ಟಕ್ಕೆ ಸಮ ಆಗುವುದಿಲ್ಲ, ನನಗೂ ಗೊತ್ತು. ಆದರೂ ಹಾಕಿ. ಅರ್ಜಿಯೇ ಇಲ್ಲದಿದ್ದರೆ ಆ ಊರಿನಲ್ಲಿ ತೊಂದರೆಯೇ ಇಲ್ಲ ಅಂತ ಕಡತ ಹೇಳುತ್ತದೆ.

ಹಾಗೇ, ಹಂದಿಗೆ ಅಂತ ಬೈಕಿನ ಕ್ಲಚ್ ತಂತಿಯ ಉರುಳು ಇಟ್ಟಿದ್ದರೆ ಇವತ್ತೇ ತೆಗೆಸಿ. ಅದರಲ್ಲಿ ಕಡವೆಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಚಿರತೆ ಬಿದ್ದ ದಿನ ನಿಮ್ಮ ಭತ್ತದ ಕಥೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಹಡ್ಲಿನಲ್ಲಿ ಉದುರಿದ ಕಡವೆ ಕೊಂಬು ಸಿಕ್ಕಿತು. ಕೊಂದಿದ್ದಲ್ಲ, ತಾನಾಗಿ ಬಿದ್ದಿದ್ದು. ಜಗಲಿಗೆ ಹಾಕಬಹುದಾ? — ಓದುಗರು, ಕೊಪ್ಪ

ಬೇಡ. ಉದುರಿದ್ದಾದರೂ ಅದು ಸರ್ಕಾರದ ಸೊತ್ತು. ಎತ್ತಿ ತರದೆ ಅಲ್ಲೇ ಬಿಡಿ. ತಂದಾಗಿದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ ಒಪ್ಪಿಸಿ. ಹಳೇ ಮನೆಗಳ ಜಗಲಿಯಲ್ಲಿರುವ ಕೊಂಬಿಗೂ ಮಾಲೀಕತ್ವದ ಪ್ರಮಾಣಪತ್ರ ಬೇಕು, ಇದ್ದರೂ ಮಾರುವಂತಿಲ್ಲ. ಇಂಥವನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಒಂದು ಅವಕಾಶ ಕೊಟ್ಟಿದ್ದು ನಿಮಗೂ ನೆನಪಿರಬಹುದು.

ಕಾಡಿನಲ್ಲಿ ಬಿಟ್ಟ ಕೊಂಬು ದಂಡವಾಗುವುದಿಲ್ಲ. ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಅದನ್ನು ಕಡಿದು ತಿನ್ನುತ್ತದೆ. ಕೊಂಬಿನ ಮೇಲೆ ಉಳಿಯಿಂದ ಕೆತ್ತಿದಂಥ ಗೆರೆ ಕಂಡರೆ ಅದರ ಹಲ್ಲಿನ ಗುರುತು.

ಪ್ರಶ್ನೆ: ಕಡವೆ ಮಾಂಸದ ಹಳೇ ಕಾಲದ ಅಡುಗೆ ನಿಮಗೆ ಗೊತ್ತಿರಬೇಕಲ್ಲ? — ಹೆಸರು ಬೇಡ ಎಂದವರು

ಹೆಸರು ಬೇಡ ಅಂದಿದ್ದಕ್ಕೇ ಉತ್ತರ ನಿಮಗೇ ಗೊತ್ತಿದೆ.

ಪ್ರಶ್ನೆ: ಮಕ್ಕಳಿಗೆ ಕಡವೆ ತೋರಿಸಬೇಕು. ನಮಗೆ ತೋಟವೂ ಇಲ್ಲ, ಹಡ್ಲೂ ಇಲ್ಲ. ಎಲ್ಲಿಗೆ ಹೋಗಲಿ? ಇಂಬಳದ (ಕಾಡು ಜಿಗಣೆಯ) ಭಯ ಬೇರೆ. — ಗೃಹಿಣಿ, ಅರಸೀಕೆರೆ

ಭದ್ರಾಕ್ಕೆ ಹೋಗಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾದದ್ದು, 1974ರಲ್ಲಿ ದೊಡ್ಡದಾಗಿ ಭದ್ರಾ ಆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಚಿಕ್ಕಮಗಳೂರಿನ ಕಡೆಯಿಂದ ಮುತ್ತೋಡಿ, ತರೀಕೆರೆಯ ಕಡೆಯಿಂದ ಲಕ್ಕವಳ್ಳಿ, ಎರಡು ಕಡೆಯೂ ಸಫಾರಿ ಇದೆ. ಒಳಗಿದ್ದ ಊರುಗಳ ಜನ 2001, 2002ರ ಸುಮಾರಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಬಂದರು. ಅವರು ಬಿಟ್ಟ ಗದ್ದೆಗಳೆಲ್ಲ ಈಗ ಹುಲ್ಲು. ಮೇಯುವ ಪ್ರಾಣಿಗಳು ಅಲ್ಲಿ ಧಾರಾಳವಾಗಿ ಕಾಣಸಿಗುತ್ತವೆ. ಲಕ್ಕವಳ್ಳಿಗೆ ಹೋಗುವುದಾದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ಹಿನ್ನೀರು ಇಳಿದು ದಂಡೆಯಲ್ಲಿ ಹೊಸ ಹುಲ್ಲು ಎದ್ದಿರುತ್ತದೆ. ದೋಣಿಯಲ್ಲಿ ಕೂತೇ ನೋಡಬಹುದು. ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವಾ ಹಕ್ಕಿಗಳು ಮಕ್ಕಳಿಗೆ ಕಡವೆಗಿಂತ ಇಷ್ಟವಾದರೂ ಆಗಬಹುದು. ಸಂಜೆಯ ಸಫಾರಿ ಕೇಳಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಡವೆ ಎದ್ದು ಬರುವುದಿಲ್ಲ. ಡ್ರೈವರ್‌ಗೆ ‘ಹುಲಿ ಹುಲಿ’ ಅಂತ ಗಂಟು ಬೀಳಬೇಡಿ. ಅವನು ಹುಲ್ಲಿನ ಕಡೆ ನಿಲ್ಲಿಸುವುದೇ ಇಲ್ಲ.

ಆ ಬೇಸಿಗೆ ತಿಂಗಳುಗಳಲ್ಲಿ ಇಂಬಳದ ಕಾಟ ತೀರಾ ಕಮ್ಮಿ, ಜೀಪಿನಿಂದ ಇಳಿಯುವ ಹಾಗೂ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಯಾರದಾದರೂ ತೋಟಕ್ಕೆ ಬಂದರೆ ಮಾತ್ರ ಚಿಂತೆ. ಹೊಗೆಸೊಪ್ಪಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಪಾದದಿಂದ ಮೊಣಕಾಲವರೆಗೆ ಹಚ್ಚುವುದು ನಮ್ಮ ಆಳುಗಳ ಕ್ರಮ. ಅದು ದೊಡ್ಡವರಿಗೆ. ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿಸಿ, ಪ್ಯಾಂಟಿನ ತುದಿ ಅದರೊಳಗೆ ಸಿಕ್ಕಿಸಿ. ಹತ್ತಿದರೆ ಉಗುರಿನಿಂದ ಬಾಯಿಯ ಹತ್ತಿರ ಜಾರಿಸಿ ತೆಗೆಯಿರಿ, ಎಳೆದು ಕೀಳಬೇಡಿ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ತಾನಾಗಿ ನಿಲ್ಲುತ್ತದೆ. ಬಿಳಿ ಕಾಲುಚೀಲ ಮಾತ್ರ ಬೇಡ, ಕಲೆ ಹೋಗುವುದಿಲ್ಲ.